ಅಡಿಕೆ ತೋಟದ ಹಿಂದೆ ಬಿದ್ದ ಬೆಂಕಿ

ಪ್ರಶ್ನೆ: ಡಿಸೆಂಬರ್ 13ರ ರಾತ್ರಿ ಬಯಲಾಟ ನೋಡಿ ಮನೆಗೆ ಬರುತ್ತಿದ್ದೆ. ಗಂಟೆ ಎರಡಾಗಿತ್ತು. ನೆತ್ತಿಯ ಕಡೆಯಿಂದ ಹಸಿರು ಬೆಂಕಿಯ ಉಂಡೆಯೊಂದು ಪೂರ್ವಕ್ಕೆ ಹಾರಿ ನಮ್ಮ ಅಡಿಕೆ ತೋಟದ ಹಿಂದೆ ಬಿತ್ತು. ಅಂಗಳದಲ್ಲಿ ನನ್ನ ನೆರಳು ಕಾಣುವಷ್ಟು ಬೆಳಕು. ಸದ್ದೇ ಇಲ್ಲ. ಬೆಳಗ್ಗೆ ತೋಟವೆಲ್ಲ ಹುಡುಕಿದೆ, ಏನೂ ಸಿಗಲಿಲ್ಲ. ಏನದು?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ನೀವು ನೋಡಿದ್ದು ಉಲ್ಕೆ. ಶುಕ್ರನಿಗಿಂತ ಜಾಸ್ತಿ ಬೆಳಗುವ ಉಲ್ಕೆಯನ್ನು ಅಗ್ನಿಗೋಳ ಎನ್ನುತ್ತಾರೆ. ನಿಮ್ಮ ಪತ್ರ ಓದಿ ನನ್ನ ಮೈ ಜುಮ್ಮೆಂದಿತು. ಹೈಸ್ಕೂಲಿನಲ್ಲಿದ್ದಾಗ ಮುಳ್ಳೇರಿಯಾ ಕಡೆಯ ಪಾರೆಯ ಮೇಲಿಂದ ನಾನೂ ಒಂದನ್ನು ನೋಡಿದ್ದೆ. ಗುಡ್ಡದಾಚೆ ಬಿತ್ತೆಂದು ಟಾರ್ಚ್ ಹಿಡಿದು ಓಡಿದ್ದೆ. ಆ ಬೆಳಕು ಈಗಲೂ ಕಣ್ಣಲ್ಲಿದೆ.

ಅದು ತೋಟದಲ್ಲಿ ಸಿಗುವಂಥದ್ದಲ್ಲ. ಉಲ್ಕೆ ಹೊತ್ತಿಕೊಳ್ಳುವುದೇ ಸುಮಾರು 100 ಕಿ.ಮೀ. ಎತ್ತರದಲ್ಲಿ. ಮರೆಯಾಗುವಾಗ ಅದು 80 ಕಿ.ಮೀ. ಮೇಲಿತ್ತು ಅಂತಿಟ್ಟುಕೊಳ್ಳಿ. ಕೈ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಹತ್ತು ಡಿಗ್ರಿ ಮುಚ್ಚುತ್ತದೆ. ನಿಮ್ಮ ಅಡಿಕೆ ಮರಗಳ ತಲೆ ಒಂದೂವರೆ ಮುಷ್ಟಿ ಎತ್ತರಕ್ಕೆ ಕಾಣುವುದಾದರೆ, ಉಲ್ಕೆ ನಿಮ್ಮಿಂದ ಸುಮಾರು 280 ಕಿ.ಮೀ. ದೂರವಿತ್ತು. ಅಂದರೆ ಬೆಂಗಳೂರಿನ ಮೇಲಿನ ಆಕಾಶ! ಕತ್ತಲಲ್ಲಿ ದೂರ ಅಳೆಯಲು ಕಣ್ಣಿಗೆ ಯಾವ ಆಧಾರವೂ ಇಲ್ಲ, ಅಲ್ವಾ? ಅದಕ್ಕೇ ತೋಟದ ಹಿಂದೆಯೇ ಬಿದ್ದಂತೆ ಅನಿಸುತ್ತದೆ.

ಸದ್ದಿನ ಕಥೆಯೂ ಅದೇ. ನೇರ ತಲೆಯ ಮೇಲೆ 80 ಕಿ.ಮೀ. ಎತ್ತರದಲ್ಲಿ ಸಿಡಿದರೂ ಸದ್ದು ಕೆಳಗಿಳಿಯಲು ನಾಲ್ಕು ನಿಮಿಷ ಬೇಕು. ಇಷ್ಟು ದೂರದ್ದು ಕಿವಿಗೆ ಬರುವುದೇ ಇಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಉಲ್ಕೆ ಸಿಡಿದ ಬೆಳಕು ಕಂಡ ಜನ ಕಿಟಕಿಗೆ ಬಂದು ನಿಂತಿದ್ದರು. ಆಮೇಲೆ ಬಂದ ಸ್ಫೋಟದ ಅಲೆಗೆ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಆದರೆ ಅದು ಸುಮಾರು 20 ಮೀಟರ್ ಅಗಲದ ಬಂಡೆ. ನಿಮ್ಮದು ಅದರ ಮುಂದೆ ಬರೀ ಕಲ್ಲಿನ ಚೂರು.

ದಿನವೂ ದಿಕ್ಕೂ ಹೊಂದುವುದರಿಂದ ಇದು ಜೆಮಿನಿಡ್ ಉಲ್ಕೆಯಿರಬೇಕು, ಅಂದರೆ ಆ ಹೊತ್ತಿಗೆ ನೆತ್ತಿಯ ಬಳಿಯಿರುವ ಮಿಥುನ ರಾಶಿಯ ಕಡೆಯಿಂದ ಬರುವಂತೆ ಕಾಣುವ ಉಲ್ಕೆ. ಪ್ರತಿ ಡಿಸೆಂಬರ್ 14ರ ಆಸುಪಾಸು, ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಚೂರುಗಳು ಸೆಕೆಂಡಿಗೆ 35 ಕಿ.ಮೀ. ವೇಗದಲ್ಲಿ ನಮ್ಮ ಗಾಳಿಗೆ ನುಗ್ಗುತ್ತವೆ. ಹಸಿರು ಬಣ್ಣ ಕಲ್ಲಿನಲ್ಲಿರುವ ಮೆಗ್ನೀಸಿಯಮ್, ನಿಕಲ್‌ನಂಥವು ಕಾದು ಬೆಳಗುವುದರಿಂದ ಬರುತ್ತದೆ.

ನಿಮ್ಮಲ್ಲಿ ಒಂದು ವಿನಂತಿ. ಇವತ್ತೇ ಆ ಅಂಗಳದಲ್ಲಿ ನಿಂತಿದ್ದ ಜಾಗಕ್ಕೇ ಹೋಗಿ. ಯಾವ ಮರದ ಮೇಲೆ ಕಂಡಿತು, ಎಲ್ಲಿ ಮರೆಯಾಯಿತು, ಎಷ್ಟು ಸೆಕೆಂಡು ಇತ್ತು, ಬರೆದಿಡಿ. ಮೈಸೂರಿನಲ್ಲೋ ಮಡಿಕೇರಿಯಲ್ಲೋ ಇದನ್ನೇ ನೋಡಿದ ಇನ್ನೊಬ್ಬರ ಟಿಪ್ಪಣಿ ಸಿಕ್ಕರೆ, ಎರಡೂ ಗೆರೆ ಕೂಡಿಸಿ ಅದರ ದಾರಿಯನ್ನು ನಕಾಶೆಯ ಮೇಲೆ ಎಳೆಯಬಹುದು. ನನಗೂ ಒಂದು ಪ್ರತಿ ಕಳಿಸಿ.