ಸರ್ಚಾರ್ಜ್ ಕಟ್ಟಿ ಬಂದಿದ್ದೇವೆ, ಆದರೂ ಹಲ್ಲಿನ ಡಾಕ್ಟರ್ ಸಿಗುತ್ತಿಲ್ಲ

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯಿತು. ಗಂಡನಿಗೆ ಸ್ಕಿಲ್ಡ್ ವರ್ಕರ್ ವೀಸಾ. ನಾನು ಮತ್ತು 7 ವರ್ಷದ ಮಗಳು ಅವರ ಡಿಪೆಂಡೆಂಟ್. ನನಗೀಗ ಐದು ತಿಂಗಳು. ಮೂರು ವಾರದಿಂದ ಎಡಗಡೆ ಕೆಳಗಿನ ದವಡೆ ಹಲ್ಲು ನೋಯುತ್ತಿದೆ, ರಾತ್ರಿ ಎದ್ದು ಕೂರುವ ಹಾಗಾಗಿದೆ. ಆರು ಕ್ಲಿನಿಕ್‌ಗೆ ಫೋನ್ ಮಾಡಿದೆ. ಎಲ್ಲರೂ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹೊಸ ಪೇಷಂಟ್ ತಗೊಳ್ಳುತ್ತಿಲ್ಲ ಅಂದರು. ವೀಸಾ ಮಾಡಿಸುವಾಗ ಅಷ್ಟೊಂದು ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೇವೆ. ಅದರಲ್ಲಿ ಹಲ್ಲು ಸೇರುವುದಿಲ್ಲವಾ? ಹೆರಿಗೆ ಆಗಿ ಊರಿಗೆ ಹೋದಾಗ ಮಾಡಿಸಿದರಾಯಿತು ಅಂತ ಅತ್ತೆ ಹೇಳುತ್ತಾರೆ. ಅಲ್ಲಿವರೆಗೆ ಮಾತ್ರೆ ನುಂಗಿ ತಳ್ಳಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ತಳ್ಳಬೇಡಿ. ತಾನಾಗಿ ಶುರುವಾಗಿ ನಿದ್ದೆಯಿಂದ ಎಬ್ಬಿಸುವ ನೋವು ಅಂದರೆ, ಸಾಮಾನ್ಯವಾಗಿ ಹುಳುಕು ಹಲ್ಲಿನೊಳಗಿನ ನರವನ್ನು ಮುಟ್ಟಿದೆ ಅಂತ ಅರ್ಥ. ಅದು ತನ್ನಷ್ಟಕ್ಕೆ ವಾಸಿಯಾಗುವುದಿಲ್ಲ. ಕೆಲವರಿಗೆ ಒಂದು ದಿನ ನೋವು ಥಟ್ಟನೆ ನಿಂತುಬಿಡುತ್ತದೆ. ಗುಣವಾಯಿತು ಅಂದುಕೊಳ್ಳುತ್ತಾರೆ. ಆದರೆ ಒಳಗೆ ನರ ಸತ್ತಿರುತ್ತದೆ, ಸೋಂಕು ಬೇರಿನ ತುದಿಗೆ ಇಳಿಯುತ್ತಿರುತ್ತದೆ.

ಹೀಗೇ ಊರಿಗೆ ಹೋದಾಗ ನೋಡಿಕೊಳ್ಳೋಣ ಅಂತ ನಾಲ್ಕು ತಿಂಗಳು ಕಾದವರೊಬ್ಬರು ಒಂದು ಸೋಮವಾರ ಬೆಳಿಗ್ಗೆ ನನ್ನ ಮುಂದೆ ಬಂದು ಕೂತರು. ಕೆನ್ನೆ ಊದಿ ಕಣ್ಣಿನ ಕೆಳಗಿನವರೆಗೆ ಏರಿತ್ತು. ಬಾಯಿ ಒಂದು ಬೆರಳಷ್ಟು ಮಾತ್ರ ತೆರೆಯುತ್ತಿತ್ತು. ನೋಡೋಣ ಅಂದರೆ ನನ್ನ ಪುಟ್ಟ ಕನ್ನಡಿಯೂ ಒಳಗೆ ಹೋಗಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಕಳಿಸಬೇಕಾಯಿತು. ಹಲ್ಲು ಉಳಿಯಲಿಲ್ಲ. ಮೊದಲ ವಾರವೇ ಬಂದಿದ್ದರೆ ಒಂದು ರೂಟ್ ಕೆನಾಲ್‌ನಲ್ಲಿ ಮುಗಿಯುತ್ತಿತ್ತು. ನಿಮಗೆ ಹಾಗಾಗಬಾರದು.

ಈಗ ಒಂದು ಒಳ್ಳೆಯ ಸುದ್ದಿ. ನೀವು ಗರ್ಭಿಣಿ. ಇಂಗ್ಲೆಂಡಿನಲ್ಲಿ ಗರ್ಭಿಣಿಯರಿಗೆ, ಹೆರಿಗೆಯಾಗಿ 12 ತಿಂಗಳು ತುಂಬದ ತಾಯಂದಿರಿಗೆ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆ ಪೂರ್ತಿ ಉಚಿತ. ಪರೀಕ್ಷೆ, ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್ ಎಲ್ಲವೂ. ಅದಕ್ಕೆ ಮೆಟರ್ನಿಟಿ ಎಕ್ಸೆಂಪ್ಶನ್ ಸರ್ಟಿಫಿಕೇಟ್ ಬೇಕು. ಎಲ್ಲರೂ ಅದನ್ನು ಮ್ಯಾಟೆಕ್ಸ್ ಅಂತಾರೆ. ನಿಮ್ಮ ಮಿಡ್‌ವೈಫ್ ಅಥವಾ ಜಿಪಿಯನ್ನು (ನೀವು ಹೆಸರು ಬರೆಸಿರುವ ಏರಿಯಾದ ಡಾಕ್ಟರ್) ಕೇಳಿದರೆ ಅವರೇ ಅರ್ಜಿ ಹಾಕಿಕೊಡುತ್ತಾರೆ. ಹೆರಿಗೆಗೆ ಕೊಟ್ಟ ದಿನಾಂಕ ಕಳೆದು 12 ತಿಂಗಳಾಗುವವರೆಗೆ ನಡೆಯುತ್ತದೆ. ಮಿಡ್‌ವೈಫ್ ಈಗಾಗಲೇ ಮಾಡಿಸಿರಲೂಬಹುದು, ಒಮ್ಮೆ ವಿಚಾರಿಸಿ. ಮಾಡಿಸಿಲ್ಲ ಅಂದರೆ ಇವತ್ತೇ ಹೇಳಿ. ಯಾಕೆಂದರೆ ಕ್ಲಿನಿಕ್‌ನಲ್ಲಿ ನನಗೆ ಉಚಿತ ಅಂತ ಫಾರಂಗೆ ಸಹಿ ಹಾಕುವವರು ನೀವು. ಸರ್ಟಿಫಿಕೇಟ್ ಇಲ್ಲದೆ ಸಹಿ ಹಾಕಿದರೆ ಆಮೇಲೆ ಚಿಕಿತ್ಸೆಯ ದುಡ್ಡಿನ ಜೊತೆ 100 ಪೌಂಡ್‌ವರೆಗೆ ದಂಡ ಬರಬಹುದು.

ಸರ್ಚಾರ್ಜ್ ವಿಷಯ. ಈ ಬೇಸರವನ್ನು ಹೊಸದಾಗಿ ಬಂದವರಿಂದ ತುಂಬ ಸಲ ಕೇಳಿದ್ದೇನೆ. 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೂ ವಿದ್ಯಾರ್ಥಿಗಳಿಗೂ 776 ಪೌಂಡ್. ಇಷ್ಟು ಕಟ್ಟಿದ ಮೇಲೂ ಹಲ್ಲಿಗೆ ಬೇರೆ ದುಡ್ಡು ಅಂದರೆ ಹೊಟ್ಟೆ ಉರಿಯುತ್ತದೆ, ಸಹಜ. ಆದರೆ ಹೊರಗಿನಿಂದ ಬಂದಿದ್ದೀರಿ ಅಂತ ಇದನ್ನು ನಿಮ್ಮ ಮೇಲೆ ಹಾಕಿದ್ದಲ್ಲ. ಇಲ್ಲೇ ಹುಟ್ಟಿ ಬೆಳೆದವರೂ ಹಲ್ಲಿಗೆ ದುಡ್ಡು ಕೊಡುತ್ತಾರೆ. 1948ರ ಜುಲೈ 5ರಂದು ಎನ್‌ಎಚ್‌ಎಸ್ ಶುರುವಾದಾಗ ಹಲ್ಲಿನ ಚಿಕಿತ್ಸೆಯೂ ಪೂರ್ತಿ ಉಚಿತವಾಗಿತ್ತು. ಆಮೇಲೆ ಖರ್ಚು ಜಾಸ್ತಿಯಾಯಿತು ಅಂತ 1951ರಲ್ಲಿ ಕಟ್ಟಿಸಿದ ಹಲ್ಲಿಗೆ, 1952ರಲ್ಲಿ ಉಳಿದ ಚಿಕಿತ್ಸೆಗೂ ಶುಲ್ಕ ಬಂತು. ಎನ್‌ಎಚ್‌ಎಸ್ ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ಆ ಮೊದಲ ಶುಲ್ಕಗಳನ್ನು ಒಪ್ಪದೆ ರಾಜೀನಾಮೆಯನ್ನೇ ಕೊಟ್ಟರು. ಶುಲ್ಕ ಮಾತ್ರ ಉಳಿದುಕೊಂಡಿತು. ಸರ್ಚಾರ್ಜ್ ಕಟ್ಟಿದವರಿಗೂ ಇಲ್ಲಿಯವರಿಗೂ ಇರುವುದು ಒಂದೇ ದರ, ಒಂದೇ ವಿನಾಯಿತಿ.

ಹಾಗಾದರೆ ಕ್ಲಿನಿಕ್‌ಗಳು ಇಲ್ಲ ಅನ್ನುವುದು ಯಾಕೆ? ಇದು ಅರ್ಥವಾದರೆ ಎಲ್ಲಿ ಹೇಗೆ ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ. ಬೀದಿಯಲ್ಲಿ ಕಾಣುವ ಬಹುತೇಕ ಹಲ್ಲಿನ ಕ್ಲಿನಿಕ್‌ಗಳು ಖಾಸಗಿಯವರವು. ಅವರು ಎನ್‌ಎಚ್‌ಎಸ್ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. 2006ರಿಂದ ಆ ಒಪ್ಪಂದ ನಡೆಯುವುದು ಯುಡಿಎ, ಅಂದರೆ ಹಲ್ಲಿನ ಕೆಲಸವನ್ನು ಯೂನಿಟ್‌ನಲ್ಲಿ ಅಳೆಯುವ ಲೆಕ್ಕದಲ್ಲಿ. ವರ್ಷಕ್ಕೆ ಇಷ್ಟು ಯೂನಿಟ್ ಕೆಲಸ, ಅದಕ್ಕೆ ಇಷ್ಟು ಹಣ. ಆ ಯೂನಿಟ್ ಮುಗಿದ ಮೇಲೆ ಎನ್‌ಎಚ್‌ಎಸ್‌ನಲ್ಲಿ ಮಾಡುವ ಹೆಚ್ಚುವರಿ ಕೆಲಸಕ್ಕೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಕಷ್ಟದ ಹಲ್ಲಿಗೂ ಸುಲಭದ ಹಲ್ಲಿಗೂ ಸಿಗುವುದು ಹೆಚ್ಚು ಕಡಿಮೆ ಒಂದೇ. ಬಹಳ ಕಾಲ ಡಾಕ್ಟರ್‌ಗೆ ತೋರಿಸದ ಹೊಸ ಪೇಷಂಟ್ ಅಂದರೆ ಕೆಲಸ ಜಾಸ್ತಿ. ಅದಕ್ಕೇ ಬಾಗಿಲು ಮುಚ್ಚುತ್ತಾರೆ. ಇದು ಸರಿಯಾದ ವ್ಯವಸ್ಥೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹಲ್ಲು ತುಂಬ ಕೆಟ್ಟವರೇ ಜಾಸ್ತಿ ಅಲೆಯಬೇಕಾಗುತ್ತದೆ.

ಆದರೆ ಒಂದು ಕ್ಲಿನಿಕ್ ಇಲ್ಲ ಅಂದರೆ ಎನ್‌ಎಚ್‌ಎಸ್ ಇಲ್ಲ ಅಂದ ಹಾಗಲ್ಲ. ಜಿಪಿಗೆ ಇರುವ ಹಾಗೆ ಹಲ್ಲಿನ ಡಾಕ್ಟರ್‌ಗೆ ಏರಿಯಾದ ಗಡಿ ಇಲ್ಲ. ಇಂಗ್ಲೆಂಡಿನ ಯಾವ ಊರಿನ ಕ್ಲಿನಿಕ್‌ಗೆ ಬೇಕಾದರೂ ಹೋಗಬಹುದು. ಎನ್‌ಎಚ್‌ಎಸ್ ವೆಬ್‌ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪಟ್ಟಿ ಬರುತ್ತದೆ. ನಿಮ್ಮ ಪೋಸ್ಟ್‌ಕೋಡ್ ಒಂದೇ ಹಾಕಿ ನಿಲ್ಲಿಸಬೇಡಿ. ಬಸ್ಸಿನಲ್ಲಿ, ರೈಲಿನಲ್ಲಿ ಒಂದು ಗಂಟೆಯಲ್ಲಿ ಹೋಗಿ ಬರಬಹುದಾದ ಊರುಗಳದ್ದೂ ಹಾಕಿ ನೋಡಿ. ಆ ಪುಟದಲ್ಲಿ ಇರುವುದು ಹಳೆಯ ಮಾಹಿತಿ ಆಗಿರಬಹುದು, ಅದಕ್ಕೆ ಫೋನ್ ಮಾಡಿಯೇ ತಿಳಿದುಕೊಳ್ಳಿ.

ಫೋನ್‌ನಲ್ಲಿ ಏನು ಕೇಳುತ್ತೀರಿ ಅನ್ನುವುದೂ ಮುಖ್ಯ. ಹೊಸಬರು ಹೆಚ್ಚಾಗಿ ರಿಜಿಸ್ಟರ್ ಮಾಡಿಕೊಳ್ಳುತ್ತೀರಾ ಅಂತ ಕೇಳುತ್ತಾರೆ. ಇಲ್ಲಿ ಹಲ್ಲಿಗೆ ಜಿಪಿಯ ಥರ ಕಾಯಂ ರಿಜಿಸ್ಟ್ರೇಶನ್ ಅನ್ನುವುದು ಇಲ್ಲ. ಹಾಗೆ ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಇಲ್ಲ ಅಂತ ಬರುತ್ತದೆ. ಅದರ ಬದಲು ವಿವರವಾಗಿ ಹೇಳಿ: ನಾನು ಐದು ತಿಂಗಳ ಗರ್ಭಿಣಿ, ದವಡೆ ಹಲ್ಲು ನೋವು, ರಾತ್ರಿ ನಿದ್ದೆ ಇಲ್ಲ, ಎನ್‌ಎಚ್‌ಎಸ್‌ನಲ್ಲಿ ಒಂದು ಕೋರ್ಸ್ ಚಿಕಿತ್ಸೆ ಬೇಕು, ಯಾರಾದರೂ ಕ್ಯಾನ್ಸಲ್ ಮಾಡಿದರೆ ಕರೆಯುತ್ತೀರಾ, ವೇಟಿಂಗ್ ಲಿಸ್ಟ್ ಇದ್ದರೆ ಹೆಸರು ಬರೆದುಕೊಳ್ಳುತ್ತೀರಾ, ನನ್ನ ಮಗಳನ್ನಾದರೂ ತಗೊಳ್ಳುತ್ತೀರಾ. ಮಗಳ ಮಾತು ಬೇಕೆಂದೇ ಸೇರಿಸಿದ್ದೇನೆ. ದೊಡ್ಡವರನ್ನು ತಗೊಳ್ಳದ ಎಷ್ಟೋ ಕ್ಲಿನಿಕ್‌ಗಳು ಮಕ್ಕಳನ್ನು ತಗೊಳ್ಳುತ್ತವೆ. ಒಪ್ಪಂದದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಹಾಗಾಗಿ ಏಪ್ರಿಲ್‌ನಲ್ಲಿ ಜಾಗ ಸಿಗುವ ಸಾಧ್ಯತೆ ಹೆಚ್ಚು. ಇಲ್ಲ ಅಂದ ಕ್ಲಿನಿಕ್‌ಗೂ ಆಗ ಇನ್ನೊಮ್ಮೆ ಕೇಳಿ.

ನಿಮ್ಮ ನೋವಿಗೆ ಮಾತ್ರ ಈ ಹುಡುಕಾಟ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಎನ್‌ಎಚ್‌ಎಸ್‌ನ ಸಹಾಯವಾಣಿ 111ಕ್ಕೆ ಫೋನ್ ಮಾಡಿ, ಅಥವಾ ಅವರ ವೆಬ್‌ಸೈಟ್‌ನಲ್ಲಿ ಹೇಳಿಕೊಳ್ಳಿ. ಮಾತ್ರೆಗೆ ಬಗ್ಗದ ನೋವು, ಊತ, ನಿಲ್ಲದ ರಕ್ತ, ಏಟಿಗೆ ಮುರಿದ ಹಲ್ಲು ಇದ್ದರೆ ತುರ್ತು ಅಪಾಯಿಂಟ್‌ಮೆಂಟ್‌ಗೆ ದಾರಿ ಮಾಡಿಕೊಡುತ್ತಾರೆ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ದುಭಾಷಿ ಬೇಕು ಅಂತ ಕೇಳಿ, ಅದಕ್ಕೆ ದುಡ್ಡಿಲ್ಲ. ಸಂಕೋಚಕ್ಕೆ ನೋವನ್ನು ಕಡಿಮೆ ಮಾಡಿ ಹೇಳಬೇಡಿ. ಸ್ವಲ್ಪ ನೋವಿದೆ ಅಂದರೆ ಅವರು ಸ್ವಲ್ಪ ಅಂತಲೇ ಬರೆದುಕೊಳ್ಳುತ್ತಾರೆ. ಎಷ್ಟು ದಿನ, ರಾತ್ರಿ ಎಷ್ಟು ಸಲ ಎದ್ದಿರಿ, ಯಾವ ಮಾತ್ರೆ ಎಷ್ಟು ತಗೊಂಡಿರಿ, ಇಷ್ಟನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ ಹೇಳಿ. ಊತ ಕಣ್ಣಿಗೆ ಅಥವಾ ಕುತ್ತಿಗೆಗೆ ಬಂದರೆ, ಉಸಿರಾಡಲು, ನುಂಗಲು, ಮಾತಾಡಲು ಕಷ್ಟವಾದರೆ 111 ಅಲ್ಲ, ನೇರ ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಅಥವಾ ಆ್ಯಂಬುಲೆನ್ಸ್‌ಗೆ 999. ಹಲ್ಲು ನೋವಿಗೆ ಜಿಪಿ ಹತ್ತಿರ ಹೋಗಿ ಉಪಯೋಗವಿಲ್ಲ. ಆ್ಯಂಟಿಬಯಾಟಿಕ್ ಸಿಕ್ಕರೂ ಹಲ್ಲಿನೊಳಗಿನ ಕಾರಣ ಹಾಗೇ ಇರುತ್ತದೆ.

ತುರ್ತು ಅಪಾಯಿಂಟ್‌ಮೆಂಟ್‌ನಲ್ಲಿ ಒಂದು ಎಚ್ಚರ. ಅಲ್ಲಿ ನಡೆಯುವುದು ನೋವು ಇಳಿಸುವ ಕೆಲಸ ಮಾತ್ರ. ಹಲ್ಲು ಕೀಳಬಹುದು, ಇಲ್ಲವೇ ಒಳಗಿನ ನರ ತೆಗೆದು ಮದ್ದು ತುಂಬಿ ತಾತ್ಕಾಲಿಕವಾಗಿ ಮುಚ್ಚಬಹುದು. ಕೀಳುವುದು ಒಂದೇ ಸಲಕ್ಕೆ ಮುಗಿಯುತ್ತದೆ, ಹಾಗಾಗಿ ಆ ಮಾತು ಮೊದಲು ಬರಬಹುದು. ಈ ಹಲ್ಲನ್ನು ಉಳಿಸಲು ಆಗುತ್ತದಾ ಅಂತ ಬಾಯಿಬಿಟ್ಟು ಕೇಳಿ. ಆಗುತ್ತದೆ ಅಂದರೆ ಮದ್ದು ಹಾಕಿಸಿಕೊಳ್ಳಿ. ಆಮೇಲೆ ನೋವು ಹೋಯಿತು ಅಂತ ಸುಮ್ನೆ ಕೂರಬೇಡಿ. ಆ ಮದ್ದು ಕೆಲವು ವಾರದ ಆಸರೆ ಅಷ್ಟೇ. ಉಳಿದ ರೂಟ್ ಕೆನಾಲ್‌ಗೆ ಕ್ಲಿನಿಕ್ ಹುಡುಕುವುದನ್ನು ಮುಂದುವರಿಸಿ.

ಮಗುವಿಗೆ ತೊಂದರೆ ಆದೀತಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಫಿಲ್ಲಿಂಗ್, ರೂಟ್ ಕೆನಾಲ್ ಮಾಡಬಹುದು. ನಾಲ್ಕರಿಂದ ಆರನೇ ತಿಂಗಳು ಕುರ್ಚಿಯಲ್ಲಿ ಒರಗಿ ಕೂರಲೂ ಅನುಕೂಲ, ಅಂದರೆ ನಿಮಗೆ ಇದೇ ಸರಿಯಾದ ಸಮಯ. ಹಲ್ಲಿನ ಎಕ್ಸ್‌ರೇಯ ವಿಕಿರಣ ತೀರಾ ಕಡಿಮೆ, ಅಗತ್ಯವಿದ್ದರೆ ತೆಗೆಯಬಹುದು. ಕೂತ ಕೂಡಲೇ ಎಷ್ಟನೇ ತಿಂಗಳು ಅಂತ ಡಾಕ್ಟರ್‌ಗೆ ಹೇಳಿಬಿಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್ ಬೇಡ. ಇನ್ನೊಂದು ವಿಷಯ: ಎನ್‌ಎಚ್‌ಎಸ್‌ನಲ್ಲಿ ಹಿಂದಿನ ಹಲ್ಲಿಗೆ ಸಾಮಾನ್ಯವಾಗಿ ಬೆಳ್ಳಿ ಬಣ್ಣದ ಅಮಾಲ್ಗಮ್ ತುಂಬುತ್ತಾರೆ. 2018ರ ಜುಲೈಯಿಂದ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, 15ಕ್ಕಿಂತ ಚಿಕ್ಕ ಮಕ್ಕಳಿಗೆ ತೀರಾ ಅನಿವಾರ್ಯವಾದರೆ ಮಾತ್ರ ಅದನ್ನು ಬಳಸಬೇಕು ಅಂತ ನಿಯಮವಿದೆ. ಬಿಳಿ ಫಿಲ್ಲಿಂಗ್ ಬೇಕಾದರೆ ಖಾಸಗಿ ದರ ಕೊಡಿ ಅಂತ ಯಾರಾದರೂ ಅಂದರೆ ಈ ನಿಯಮವನ್ನು ನೆನಪಿಸಿ.

ಮಗಳಿಗೆ 18 ತುಂಬುವವರೆಗೆ ಎಲ್ಲವೂ ಉಚಿತ. ನೋವು ಬರಲಿ ಅಂತ ಕಾಯಬೇಡಿ. ವರ್ಷಕ್ಕೆ ಎರಡು ಸಲವಾದರೂ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ, ಹುಳುಕು ಎಷ್ಟೋ ಕಡಿಮೆಯಾಗುತ್ತದೆ. ಬಣ್ಣದಂತೆ ಸಣ್ಣ ಬ್ರಶ್‌ನಲ್ಲಿ ಹಚ್ಚುತ್ತಾರೆ, ಒಂದೆರಡು ನಿಮಿಷದ ಕೆಲಸ.

ನಿಮ್ಮ ಗಂಡ ಮಾತ್ರ ಚಿಕಿತ್ಸೆಗೆ ದುಡ್ಡು ಕೊಡಬೇಕು. ದರ ಮೂರು ಬ್ಯಾಂಡ್‌ನಲ್ಲಿದೆ. 2025ರ ಏಪ್ರಿಲ್‌ನಲ್ಲಿ ಬಂದ ದರದಂತೆ ಪರೀಕ್ಷೆ, ಎಕ್ಸ್‌ರೇ, ಅಗತ್ಯವಿದ್ದರೆ ಕ್ಲೀನಿಂಗ್ ಸೇರಿ 27.40 ಪೌಂಡ್. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದಕ್ಕೆ 75.30. ಕ್ಯಾಪ್, ಬ್ರಿಜ್, ಕಟ್ಟಿಸುವ ಹಲ್ಲಿಗೆ 326.70. ತುರ್ತು ಚಿಕಿತ್ಸೆಗೆ 27.40. ಏಪ್ರಿಲ್ ಬಂದಾಗ ದರ ಏರುವುದು ವಾಡಿಕೆ, ಕ್ಲಿನಿಕ್‌ನ ಗೋಡೆ ಮೇಲೆ ಹೊಸ ದರ ಹಾಕಿರುತ್ತಾರೆ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಏನೆಂದರೆ, ಇದು ಒಂದು ಹಲ್ಲಿನ ದರ ಅಲ್ಲ, ಇಡೀ ಕೋರ್ಸ್‌ನ ದರ. ಒಂದು ಫಿಲ್ಲಿಂಗ್ ಆದರೂ 75.30, ಅದೇ ಕೋರ್ಸ್‌ನಲ್ಲಿ ನಾಲ್ಕು ಫಿಲ್ಲಿಂಗ್, ಒಂದು ರೂಟ್ ಕೆನಾಲ್ ಆದರೂ 75.30. ಹಾಗಾಗಿ ಇದೊಂದು ಮಾಡಿ ಸಾಕು ಅಂತ ಅವರು ಎದ್ದು ಬರಬಾರದು, ಆಗಬೇಕಾದ್ದನ್ನೆಲ್ಲ ಒಂದೇ ಕೋರ್ಸ್‌ನಲ್ಲಿ ಬರೆಸಬೇಕು. ಎನ್‌ಎಚ್‌ಎಸ್ ಕೆಲಸದ ಜೊತೆ ಖಾಸಗಿ ಕೆಲಸವನ್ನೂ ಸೇರಿಸಿದರೆ ಯಾವುದು ಯಾವುದರಲ್ಲಿ ಅಂತ ಬರೆದುಕೊಡುವ ಫಾರಂ ಇದೆ, ಎಫ್‌ಪಿ17ಡಿಸಿ ಅಂತ. ಅದನ್ನು ಓದದೆ ಸಹಿ ಹಾಕಬೇಡಿ ಅನ್ನಿ.

ಪ್ರಶ್ನೆ: ನನಗೆ 23 ವರ್ಷ, ಮಾಸ್ಟರ್ಸ್ ಓದಲು ಇಂಗ್ಲೆಂಡಿಗೆ ಬಂದಿದ್ದೇನೆ. ಫುಲ್ ಟೈಮ್ ವಿದ್ಯಾರ್ಥಿಗೆ ಹಲ್ಲಿನ ಚಿಕಿತ್ಸೆ ಉಚಿತ, ಫಾರಂನಲ್ಲಿ ಟಿಕ್ ಮಾಡು ಅಂತ ರೂಮ್‌ಮೇಟ್ ಹೇಳುತ್ತಾನೆ. ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರದ ನೆರವಿನ ಸೌಲಭ್ಯ, ಇಲ್ಲ ಅಂತ ಬರೆದಿದೆ. ಭಯವಾಗುತ್ತಿದೆ.

ಉತ್ತರ: ಟಿಕ್ ಮಾಡಬೇಡಪ್ಪಾ. ಓದುತ್ತಿದ್ದೀರಿ ಅನ್ನುವ ಕಾರಣಕ್ಕೆ ಉಚಿತ ಇರುವುದು 18 ವರ್ಷದವರಿಗೆ. 19 ಆದ ದಿನ ಅದು ಮುಗಿಯಿತು. ನಿಮಗಿರುವ ದಾರಿ ಬೇರೆ. ಆದಾಯ ಕಡಿಮೆ ಇರುವವರಿಗೆ ಎನ್‌ಎಚ್‌ಎಸ್ ಲೋ ಇನ್‌ಕಮ್ ಸ್ಕೀಮ್ ಇದೆ, ಎಚ್‌ಸಿ1 ಅರ್ಜಿ ಹಾಕಬೇಕು. ಪೂರ್ತಿ ಉಚಿತ ಅಂತ ತೀರ್ಮಾನವಾದರೆ ಎಚ್‌ಸಿ2, ಒಂದಷ್ಟು ಭಾಗ ನೀವು ಕೊಡಬೇಕು ಅಂದರೆ ಎಚ್‌ಸಿ3 ಅನ್ನುವ ಸರ್ಟಿಫಿಕೇಟ್ ಬರುತ್ತದೆ. ಉಳಿತಾಯ 16,000 ಪೌಂಡ್ ದಾಟಿದ್ದರೆ ಸಿಗುವುದಿಲ್ಲ. ಬ್ಯಾಂಕಿನಲ್ಲಿರುವ ದುಡ್ಡನ್ನು ಇದ್ದ ಹಾಗೇ ಬರೆಯಿರಿ.

ವೀಸಾದ ಭಯ ಬಿಡಿ. ಇಮಿಗ್ರೇಶನ್ ನಿಯಮದಲ್ಲಿ ಪಬ್ಲಿಕ್ ಫಂಡ್ಸ್ ಅಂತ ಪಟ್ಟಿ ಮಾಡಿದ ಸೌಲಭ್ಯಗಳಲ್ಲಿ ಎನ್‌ಎಚ್‌ಎಸ್ ಚಿಕಿತ್ಸೆ ಇಲ್ಲ. ಎಚ್‌ಸಿ2 ತಗೊಂಡರೆ ವೀಸಾಗೆ ತೊಂದರೆಯಿಲ್ಲ.

ನೀವು ಓದುವ ಊರಿನಲ್ಲಿ ಡೆಂಟಲ್ ಕಾಲೇಜು ಇದ್ದರೆ ಅಲ್ಲೂ ವಿಚಾರಿಸಿ. ಲೀಡ್ಸ್, ಮ್ಯಾಂಚೆಸ್ಟರ್, ಶೆಫೀಲ್ಡ್, ನ್ಯೂಕಾಸಲ್, ಬರ್ಮಿಂಗ್‌ಹ್ಯಾಂನಲ್ಲಿ ಇವೆ. ಮೇಲೆ ನಿಂತು ನೋಡುವ ಡಾಕ್ಟರ್ ಇರುತ್ತಾರೆ, ಕೆಲಸ ಮಾಡುವವರು ವಿದ್ಯಾರ್ಥಿಗಳು. ಸಮಯ ಜಾಸ್ತಿ ಹಿಡಿಯುತ್ತದೆ, ಎಲ್ಲ ಕೇಸನ್ನೂ ತಗೊಳ್ಳುವುದಿಲ್ಲ, ಆದರೆ ಕೆಲಸ ಅಚ್ಚುಕಟ್ಟು.

ಸರ್ಟಿಫಿಕೇಟ್ ಬರುವ ಮೊದಲೇ ಹಲ್ಲು ನೋವು ಬಂದರೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ, ರಸೀದಿ ಕೇಳಿ ಇಟ್ಟುಕೊಳ್ಳಿ. ಮೂರು ತಿಂಗಳೊಳಗೆ ಎಚ್‌ಸಿ5(ಡಿ) ಅರ್ಜಿಯಲ್ಲಿ ವಾಪಸ್ ಕೇಳಬಹುದು. ಎಚ್‌ಸಿ1 ಇನ್ನೂ ಹಾಕಿಲ್ಲದಿದ್ದರೆ ಅದನ್ನೂ ಆಗಲೇ ಜೊತೆಗೆ ಕಳಿಸಿ.