ಓದುಗರ ಪ್ರಶ್ನೆ: ಅರ್ಧಕ್ಕೆ ನಿಂತ ಪೊಲೀಸರ ಕಥೆಗಳು

ಪ್ರಶ್ನೆ: ಅಮೆರಿಕದ ‘ಲಾ ಆ್ಯಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯುನಿಟ್’ ಧಾರಾವಾಹಿಯಲ್ಲಿ ಹನ್ನೆರಡು ಸೀಸನ್‌ಗಳ ಕಾಲ ತನಿಖಾಧಿಕಾರಿ ಒಲಿವಿಯಾ ಬೆನ್ಸನ್‌ಳ ಕೆಲಸದ ಜೊತೆಗಾರನಾಗಿದ್ದ ಎಲಿಯಟ್ ಸ್ಟೇಬ್ಲರ್ ವಿದಾಯದ ಒಂದು ಮಾತೂ ಇಲ್ಲದೆ ಮರೆಯಾಗುತ್ತಾನೆ. ವಾರವಾರವೂ ಅಪರಾಧವನ್ನು ಬಗೆಹರಿಸುವ ಬರಹಗಾರರು ಮುಖ್ಯ ಪಾತ್ರದ ಕಥೆಯನ್ನೇ ಹೀಗೆ ಕೈಬಿಡುವುದು ಸರಿಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಈ ಲೋಪ ಬರಹಗಾರರಿಂದ ಹುಟ್ಟಿದ್ದಲ್ಲ. 2011ರಲ್ಲಿ ಸ್ಟೇಬ್ಲರ್ ಪಾತ್ರಧಾರಿ ಕ್ರಿಸ್ಟೋಫರ್ ಮೆಲೋನಿ ಅವರ ಒಪ್ಪಂದದ ಮಾತುಕತೆ ಮುರಿದುಬಿದ್ದು ಅವರು ಹೊರನಡೆದ ಸುದ್ದಿ ಬರುವ ಹೊತ್ತಿಗೆ ಹನ್ನೆರಡನೆಯ ಸೀಸನ್‌ನ ಕೊನೆಯ ಕಂತು ಪ್ರಸಾರವಾಗಿ ಹೋಗಿತ್ತು. ಹೀಗಾಗಿ ಠಾಣೆಯೊಳಗೇ ಗುಂಡು ಹಾರಿಸತೊಡಗಿದ ಹುಡುಗಿಯೊಬ್ಬಳನ್ನು ಆತ ಗುಂಡಿಕ್ಕಿ ಕೊಂದ ಘಟನೆಯಲ್ಲಿಯೇ ಅವನ ಕಥೆ ನಿಂತುಬಿಟ್ಟಿತು. ಮುಂದಿನ ಸೀಸನ್‌ನಲ್ಲಿ ಆತನ ರಾಜೀನಾಮೆಯ ವಿಷಯ ಮೇಲಧಿಕಾರಿಯ ಬಾಯಿಂದ ಬೆನ್ಸನ್‌ಳಿಗೆ ತಿಳಿಯುತ್ತದೆ, ಆಕೆ ಒಬ್ಬಳೇ ಕುಳಿತು ಅಳುತ್ತಾಳೆ. ಒಂದು ಕಂತಿಗೆ ಒಂದು ಅಪರಾಧ ಎಂಬ ಈ ಧಾರಾವಾಹಿಗಳ ರಚನೆಯೂ ಇದಕ್ಕೆ ನೆರವಾಗುತ್ತದೆ: ಯಾವ ಕಂತನ್ನು ಯಾವಾಗ ಮರುಪ್ರಸಾರ ಮಾಡಿದರೂ ಅರ್ಥವಾಗಬೇಕೆಂದು ಬರೆದಾಗ, ಪಾತ್ರದ ಬದುಕು ಕಂತುಗಳ ನಡುವಿನ ಸಂದಿಗಳಲ್ಲಿ ಉಳಿಯುತ್ತದೆ, ಮತ್ತು ಅಲ್ಲಿಂದ ಅದು ಜಾರಿಹೋದರೂ ತನಿಖೆ ನಿಲ್ಲುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಸ್ಟೇಬ್ಲರ್ ಮರಳಿದಾಗ, ಹೇಳದೆ ಹೋದದ್ದಕ್ಕಾಗಿ ಬೆನ್ಸನ್‌ಳಿಗೆ ಆದ ನೋವನ್ನೇ ಕಥೆಯಾಗಿಸಿಕೊಂಡದ್ದು ಬರಹಗಾರರ ಪ್ರಾಮಾಣಿಕತೆ; ಆದರೂ ಅದಕ್ಕೆ ಹತ್ತು ವರ್ಷ ಬೇಕಾಯಿತು.

ಆದರೆ ಬಗೆಹರಿಯದೆ ಉಳಿದ ಕಥೆಗಳೆಲ್ಲ ಕೈಬಿಟ್ಟ ಕಥೆಗಳಲ್ಲ ಎಂಬುದನ್ನು ಒತ್ತಿ ಹೇಳಬೇಕು. 1993ರಿಂದ 1999ರವರೆಗೆ ಪ್ರಸಾರವಾದ ‘ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್’ನಲ್ಲಿ ಬಾಲ್ಟಿಮೋರ್ ನಗರದ ಕೊಲೆ ತನಿಖಾ ದಳಕ್ಕೆ ಹೊಸದಾಗಿ ಬಂದ ಟಿಮ್ ಬೇಲಿಸ್‌ನಿಗೆ ಮೊದಲು ಸಿಗುವುದೇ ಅಡೀನಾ ವಾಟ್ಸನ್ ಎಂಬ ಪುಟ್ಟ ಬಾಲಕಿಯ ಕೊಲೆ ಪ್ರಕರಣ. ಗಾಡಿಯಲ್ಲಿ ಹಣ್ಣು ಮಾರುವ ಮುದುಕನೊಬ್ಬನನ್ನು ಬೇಲಿಸ್ ಮತ್ತು ಅವನ ಜೊತೆಗಾರ ಫ್ರ್ಯಾಂಕ್ ಪೆಂಬಲ್ಟನ್ ಇಬ್ಬರೂ ಸೇರಿ ಹನ್ನೆರಡು ಗಂಟೆ ವಿಚಾರಣೆ ಮಾಡುವ ಕಂತು ಬಹುಮಟ್ಟಿಗೆ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಮುದುಕ ತಪ್ಪೊಪ್ಪಿಕೊಳ್ಳುವುದಿಲ್ಲ, ಮತ್ತು ಕೋಣೆಯಿಂದ ಹೊರಬರುವಾಗ ಪೆಂಬಲ್ಟನ್ ಅವನೇ ಕೊಲೆಗಾರನೆಂದು ನಂಬಿದ್ದರೆ, ಅಷ್ಟು ದಿನ ಹಾಗೆ ನಂಬಿದ್ದ ಬೇಲಿಸ್‌ನಿಗೆ ಸಂಶಯ ಹುಟ್ಟಿರುತ್ತದೆ. ಪತ್ರಕರ್ತ ಡೇವಿಡ್ ಸೈಮನ್ 1988ರಲ್ಲಿ ಆ ನಗರದ ತನಿಖಾಧಿಕಾರಿಗಳ ಜೊತೆಯಲ್ಲೇ ಇದ್ದು ಬರೆದ ಪುಸ್ತಕ ಈ ಧಾರಾವಾಹಿಗೆ ಆಧಾರ. ಅದರಲ್ಲಿ ದಾಖಲಾದ ನಿಜ ಪ್ರಕರಣವೂ ಬಗೆಹರಿಯಲಿಲ್ಲ. ಸುಳ್ಳು ಉತ್ತರವೊಂದನ್ನು ಒದಗಿಸದೆ, ಉತ್ತರವಿಲ್ಲದಿರುವುದು ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ಏನು ಮಾಡುತ್ತದೆಂಬುದನ್ನು ಬರಹಗಾರರು ತೋರಿಸಿದರು: ಅದೇ ಬಗೆಯ ಮತ್ತೊಂದು ಕೊಲೆ ನಡೆದಾಗ ಬೇಲಿಸ್ ವಿವೇಕ ಕಳೆದುಕೊಳ್ಳುತ್ತಾನೆ, ಮುಂದೆ ಅವನ ಬಾಲ್ಯದ ಗಾಯವೂ ಹೊರಬರುತ್ತದೆ. ಸ್ಟೇಬ್ಲರ್‌ನ ವಿಷಯದಲ್ಲಿ ನಮಗೆ ಸಿಗದೇ ಹೋದದ್ದು ಈ ಬಗೆಯ ಲೆಕ್ಕ. ತಾನು ಕೊಂದ ಹುಡುಗಿಯ ನೆನಪನ್ನು ಆತ ಹೇಗೆ ಹೊತ್ತನೆಂದು ಆಗಲೇ ತೋರಿಸಿದ್ದರೆ, ವಿದಾಯದ ದೃಶ್ಯವಿಲ್ಲದಿದ್ದರೂ ನಾನು ಒಪ್ಪಿಕೊಳ್ಳುತ್ತಿದ್ದೆ.

ಪ್ರಶ್ನೆ: ಲಾಸ್ ಏಂಜಲೀಸ್ ಪೊಲೀಸರ ಕುರಿತ ‘ಸೌತ್‌ಲ್ಯಾಂಡ್’ ಧಾರಾವಾಹಿಯ ಕೊನೆಯ ಕಂತಿನಲ್ಲಿ ಗುಂಡೇಟು ತಿಂದ ಜಾನ್ ಕೂಪರ್ ಬದುಕಿದನೇ, ಸತ್ತನೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾವಾಹಿ ಅದನ್ನು ಹೇಳಿಲ್ಲ. ಆ ಕಂತು 2013ರ ಏಪ್ರಿಲ್‌ನಲ್ಲಿ ಪ್ರಸಾರವಾಯಿತು, ಮುಂದಿನ ತಿಂಗಳಲ್ಲೇ ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿತು. ಅಪಹರಣಕಾರರ ಕೈಯಲ್ಲಿ ಜೊತೆಗಾರನನ್ನು ಕಳೆದುಕೊಂಡು ಜರ್ಜರಿತನಾದ ಪೊಲೀಸನೊಬ್ಬ, ಕೊನೆಗೆ ತನ್ನನ್ನು ಗುರುತಿಸದ ಪೊಲೀಸರ ಗುಂಡಿಗೇ ಈಡಾಗುವಲ್ಲಿಗೆ ಅವನ ಕಥೆ ತನ್ನ ತುದಿಯನ್ನು ಮುಟ್ಟಿದೆ. ಆತ ಉಳಿದನೋ ಇಲ್ಲವೋ ಎಂಬುದರಿಂದ ಅದರ ಅರ್ಥ ಬದಲಾಗದು. ನಿಜವಾಗಿ ಅರ್ಧಕ್ಕೆ ನಿಂತದ್ದು ಅದೇ ಧಾರಾವಾಹಿಯ ಯುವ ಪೊಲೀಸ್ ಬೆನ್ ಶೆರ್ಮನ್‌ನ ಕಥೆ. ಒಳ್ಳೆಯ ಹುಡುಗನಾಗಿ ಕೆಲಸಕ್ಕೆ ಸೇರಿ ಮೆಲ್ಲಮೆಲ್ಲನೆ ದಾರಿ ತಪ್ಪಿದವನ ವಂಚನೆ ಅವನ ಜೊತೆಗಾರ ಸ್ಯಾಮಿಗೆ ಗೊತ್ತಾದ ಹೊತ್ತಿಗೇ ಧಾರಾವಾಹಿ ಮುಗಿದುಹೋಯಿತು. ಇನ್ನೊಂದು ಸೀಸನ್ ಬೇಕಾಗಿದ್ದುದು ಕೂಪರ್‌ಗಿಂತ ಹೆಚ್ಚಾಗಿ ಅವನಿಗೆ.