ಆ ಬೋಟು ಮೇಲೆ ಬರುವುದೇ ಇಲ್ವಾ?

ನಮಸ್ಕಾರ. 1942ರ ಜರ್ಮನ್ ಸಬ್‌ಮರೀನ್ ಬಗ್ಗೆ ನೀವು ಕಳಿಸಿದ ಕಥೆ ಓದಿದೆ. ಫ್ರಾನ್ಸಿನ ಲೋರಿಯಾಂ ಬಂದರಿನಿಂದ ಹೊರಟು, ಬ್ರಿಟನ್ನಿನ ಸರಕು ಹಡಗುಗಳ ಬೆನ್ನುಹತ್ತಿ ವಾಪಸ್ ಬರುವ ತನಕ ಕಥೆ ಎಲ್ಲೂ ಕುಂಟುವುದಿಲ್ಲ. ಭಾಷೆಯೂ ಚೆನ್ನಾಗಿದೆ. ಆದರೆ ಎರಡನೇ ಪುಟಕ್ಕೇ ನನಗೆ ಸಿಟ್ಟು ಬಂತು.

“ಹದಿನೇಳು ದಿನಗಳಿಂದ ಅದು ಅಟ್ಲಾಂಟಿಕ್‌ನ ಗರ್ಭದಲ್ಲಿ ಸಾವಿನ ನೆರಳಿನಂತೆ ಚಲಿಸುತ್ತಿತ್ತು.”

ಹದಿನೇಳು ದಿನ ನೀರೊಳಗೇ? ನಿಮ್ಮದು ಟೈಪ್ 7ಸಿ ಅನ್ನುವ ಮಾದರಿಯ ಬೋಟು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು, ಮುಳುಗಿದಾಗ ಬ್ಯಾಟರಿಯೇ ಗತಿ. ನಾಲ್ಕು ನಾಟ್, ಅಂದರೆ ಗಂಟೆಗೆ ಸುಮಾರು ಏಳು ಕಿಲೋಮೀಟರ್ ವೇಗದಲ್ಲಿ ತೆವಳಿದರೂ ಸುಮಾರು 80 ನಾಟಿಕಲ್ ಮೈಲಿಗೆ ಅದು ಖಾಲಿ. ಮೇಲೆ ಬಂದು ಚಾರ್ಜ್ ಮಾಡಲೇಬೇಕು. ಮುಳುಗಿದಲ್ಲಿಂದಲೇ ಮೇಲಿನ ಗಾಳಿ ಎಳೆದುಕೊಳ್ಳುವ ಸ್ನಾರ್ಕೆಲ್ ಕೊಳವೆ ಹಾಕಿಕೊಂಡು ಈ ಬೋಟುಗಳು ದಾಳಿಗೆ ಹೊರಟದ್ದು 1944ರಲ್ಲಿ. ನೀರ ಮೇಲಾದರೆ 17 ನಾಟ್ ಓಡುತ್ತಿತ್ತು. ಹಾಗಾಗಿ ಪ್ರಯಾಣವೆಲ್ಲ ಹೆಚ್ಚಾಗಿ ಮೇಲೆಯೇ. ರಾತ್ರಿ ದಾಳಿಯೂ ಎಷ್ಟೋ ಸಲ ಮೇಲಿನಿಂದಲೇ.

“ಕ್ಯಾಪ್ಟನ್ ಪೆರಿಸ್ಕೋಪಿಗೆ ಕಣ್ಣಿಟ್ಟು ಇರುಳಿಡೀ ಕಾದ.”

ಒಳ್ಳೇ ದೃಶ್ಯವೊಂದನ್ನು ಇಲ್ಲಿ ಸುಮ್ನೆ ಕೈಬಿಟ್ಟಿರಿ. ಕಾಯುತ್ತಿದ್ದವರು ಮೇಲೆ ನಿಂತ ನಾಲ್ಕು ಜನ. ಕೈಯಲ್ಲಿ ಬೈನಾಕ್ಯುಲರ್. ಒಬ್ಬೊಬ್ಬನಿಗೂ ಕಾಲು ಭಾಗ ಕಡಲು, ನಾಲ್ಕು ಗಂಟೆ. ಅಲೆ ಜೋರಾದರೆ ಕೊಚ್ಚಿಹೋಗದಂತೆ ಬೆಲ್ಟಿನಿಂದ ತಮ್ಮನ್ನೇ ಬೋಟಿಗೆ ಕಟ್ಟಿಕೊಳ್ಳುತ್ತಿದ್ದರು.

“ಎಲ್ಲರೂ ಊಟದ ಮೇಜಿನ ಸುತ್ತ ಕೂತು ತಾಯಂದಿರನ್ನು ನೆನೆದರು.”

ಯಾವ ಮೇಜು ಮಾರಾಯ್ರೇ?

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಮಲ್ಪೆಯ ಮೀನುಗಾರರ ಬಗ್ಗೆ ಬರೆದಿದ್ದೆ. ದಡದಲ್ಲೇ ನಿಂತು ಇಬ್ಬರು ಮೂವರನ್ನು ಮಾತಾಡಿಸಿ, “ಕಡಲ ತಾಯಿಯ ಮಡಿಲಲ್ಲಿ” ಅಂತ ಶುರು ಮಾಡಿದ್ದೆ. ಹಿರಿಯರೊಬ್ಬರು ಓದಿ ಕೇಳಿದರು: “ಬೋಟಿನಲ್ಲಿ ಇವರು ಅನ್ನ ಎಲ್ಲಿ ಬೇಯಿಸ್ತಾರೆ?” ಗೊತ್ತಿರಲಿಲ್ಲ. “ಮಲಗೋದು? ಕಕ್ಕಸಿಗೆ?” ಅದೂ ಗೊತ್ತಿರಲಿಲ್ಲ. ಹಾಳೆ ವಾಪಸ್ ಕೊಟ್ಟು ಚಹಾ ಕುಡಿಯಲು ಎದ್ದುಹೋದರು. ಮರುದಿನ ಬೆಳಗಿನ ಜಾವ ನಾನು ಬೋಟಿನ ಅಂಚು ಹಿಡಿದು ವಾಂತಿ ಮಾಡುತ್ತಿದ್ದೆ.

ನಿಮಗೂ ಅದೇ ಪ್ರಶ್ನೆ. ಬೋಟಿನ ಉದ್ದ 67 ಮೀಟರ್, ಒಳಗೆ 44ಕ್ಕಿಂತ ಜಾಸ್ತಿ ಜನ. ಕಕ್ಕಸು ಎರಡು. ಹೊರಡುವಾಗ ಅದರಲ್ಲೊಂದಕ್ಕೆ ದಿನಸಿ ತುಂಬಿರುತ್ತಿದ್ದರು. ಉಳಿದದ್ದು ಒಂದು, ಅದೂ ಬೋಟು ಆಳಕ್ಕೆ ಇಳಿದರೆ ಹೊರಗಿನ ಒತ್ತಡಕ್ಕೆ ಕೆಲಸ ಮಾಡುತ್ತಿರಲಿಲ್ಲ. ಒಬ್ಬ ಎದ್ದ ಬಿಸಿ ಹಾಸಿಗೆಗೆ ಪಾಳಿ ಮುಗಿಸಿದ ಇನ್ನೊಬ್ಬ ಬೀಳುತ್ತಿದ್ದ. ಬ್ರೆಡ್ಡಿಗೆ ಬಿಳಿ ಬೂಷ್ಟು ಬೆಳೆದು, ಅದಕ್ಕೆ ಮೊಲ ಅಂತ ಹೆಸರಿಟ್ಟಿದ್ದರು. ಮುಂದಿನ ಕೋಣೆಯಲ್ಲಂತೂ ಹೆಚ್ಚುವರಿ ಟಾರ್ಪಿಡೊಗಳ ನಡುವೆಯೇ ಹುಡುಗರು ಮಲಗಬೇಕು. ಅವು ಖಾಲಿಯಾದ ಮೇಲೆಯೇ ಕಾಲು ಚಾಚಲು ಜಾಗ. ಅಂದರೆ ಎಲ್ಲೋ ಒಂದು ಹಡಗು ಮುಳುಗಿದರೆ ಇವನಿಗೆ ನೆಟ್ಟಗೆ ನಿದ್ದೆ. ಇಂಥದ್ದು ಕೈಯಲ್ಲಿರುವಾಗ “ಸಾವಿನ ನೆರಳು” ಯಾಕೆ ಬೇಕಿತ್ತು?

ಮೇಜು ತೆಗೆಯಿರಿ, ಆ ಹುಡುಗನನ್ನು ತನ್ನಿ. ತಿಂಗಳು ಬಿಟ್ಟು ಕಳಿಸಿದರೂ ಸರಿ. ಸಬ್‌ಮರೀನಿನ ಮೇಲೆ ಡೆಪ್ತ್ ಚಾರ್ಜ್, ಅಂದರೆ ನೀರೊಳಗೆ ಸಿಡಿಯುವ ಬಾಂಬು ಬೀಳುವ ಪುಟದ ಬಗ್ಗೆ ಆಗ ಜಗಳ ಆಡೋಣ.